ಪುಟದ ಕೊನೆಯಲ್ಲಿ ‘ಬಗ್ಸ್’: 1971ರ ಯುನಿಕ್ಸ್ ಕೈಪಿಡಿಯ ಕತೆ

ಈ ವಾರದ ಮಾತಿನ ಬರಹ ರೂಪ ಇದು. ಲೋಕಲ್ ಟ್ರೇನಲ್ಲಿ, ಮೆಟ್ರೋದಲ್ಲಿ ಇಯರ್‌ಫೋನ್ ಇಲ್ಲದೆ ಓದುವವರು ಇದ್ದೀರಿ ಅಂತ ಗೊತ್ತು. ವಿಡಿಯೋದಲ್ಲಿ ಬಾಯಿಗೆ ಬಂದ ಹಾಗೆ ಹೇಳಿದ್ದನ್ನ ಸ್ವಲ್ಪ ತಿದ್ದಿದ್ದೇನೆ, ಬಿಟ್ಟುಹೋಗಿದ್ದ ಎರಡು ಮೂರು ವಿಷಯ ಸೇರಿಸಿದ್ದೇನೆ.

ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಎರಡು ವರ್ಷದ ಹಿಂದೆ ಪುಣೆಯಲ್ಲಿ ರಾತ್ರಿ ಎರಡೂ ಕಾಲಿಗೆ ಫೋನ್ ಬಂತು. ಆವತ್ತು ಆನ್‌ಕಾಲ್ ಇದ್ದದ್ದು ನಾನಲ್ಲ, ಟೀಮಿಗೆ ಸೇರಿ ಮೂರು ತಿಂಗಳಾಗಿದ್ದ ಹುಡುಗ. ರಾಯಚೂರು ಕಡೆಯವನು, ಕೆಲಸದಲ್ಲಿ ಚುರುಕು, ಮಾತು ಕಮ್ಮಿ. ರಿಫಂಡ್‌ಗಳ ಒಂದು ಕ್ಯೂ ಸಿಕ್ಕಿಹಾಕಿಕೊಂಡಿತ್ತು. ಅವನು ಮಾಡಬೇಕಾದ್ದನ್ನೇ ಮಾಡಿದ್ದ: ನಮ್ಮ ರನ್‌ಬುಕ್ ತೆಗೆದು ಒಂದೊಂದೇ ಹೆಜ್ಜೆ ಹಾಕಿದ್ದ. ನಾಲ್ಕನೇ ಹೆಜ್ಜೆಯಲ್ಲಿ ಒಂದು ಸ್ಕ್ರಿಪ್ಟ್ ಓಡಿಸಬೇಕು, ಅದು ಬಾಕಿ ಇರೋ ಮೆಸೇಜುಗಳನ್ನ ಪಕ್ಕಕ್ಕೆ ಉಳಿಸಿಟ್ಟು ಕ್ಯೂ ಖಾಲಿ ಮಾಡುತ್ತೆ ಅಂತ ಬರೆದಿತ್ತು. ಸ್ಕ್ರಿಪ್ಟ್ ಖಾಲಿಯೇನೋ ಮಾಡಿತು. ಉಳಿಸಿಡಲಿಲ್ಲ. ಲಾಗುಗಳನ್ನ ಜಾಲಾಡಿ ಅವನ್ನೆಲ್ಲ ವಾಪಸ್ ಕಟ್ಟೋಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಯಾರದೋ ದುಡ್ಡು ಎಲ್ಲೋ ತೂಗಾಡ್ತಾ ಇತ್ತು.

ಮೀಟಿಂಗಲ್ಲಿ ಅವನನ್ನ ಕೇಳಿದರು, ಪ್ರೊಡಕ್ಷನ್‌ನಲ್ಲಿ ಓಡಿಸೋ ಮೊದಲು ಕೋಡ್ ಯಾಕೆ ನೋಡಲಿಲ್ಲ ಅಂತ. ‘ಡಾಕ್ಯುಮೆಂಟಲ್ಲಿ ಹಂಗ ಬರ್ದಿತ್ರಿ’ ಅಂದ, ಆಮೇಲೆ ಅದನ್ನೇ ಇಂಗ್ಲಿಷಲ್ಲಿ ಹೇಳಿದ.

ಆ ಡಾಕ್ಯುಮೆಂಟ್ ಬರೆದಿದ್ದು ನಾನು. ‘ಉಳಿಸಿಡೋ’ ಭಾಗವನ್ನ ಮುಂದಿನ ಸ್ಪ್ರಿಂಟಲ್ಲಿ ಹಾಕೋಣ ಅಂತ ನಾವು ತೀರ್ಮಾನ ಮಾಡಿದ್ದೆವು. ಹೇಗಿದ್ದರೂ ಬರ್ತಾ ಇದೆಯಲ್ಲ ಅಂತ ನಾನು ಅದು ಆಗಲೇ ಇದೆ ಅನ್ನೋ ಹಾಗೆ ಬರೆದುಬಿಟ್ಟೆ. ಆ ಸ್ಪ್ರಿಂಟ್ ಬರಲೇ ಇಲ್ಲ. ನಾನು ಆ ಮೀಟಿಂಗಲ್ಲಿ ಬಾಯಿಬಿಟ್ಟೆ, ಆದರೆ ತಡವಾಗಿ, ಅವನ ಮುಖ ಸಣ್ಣದಾದ ಮೇಲೆ.

ಆಮೇಲೆ ಒಂದಷ್ಟು ವಾರ ‘ಒಳ್ಳೆ ಡಾಕ್ಯುಮೆಂಟೇಶನ್ ಬರೆಯೋದು ಹೇಗೆ’ ಅನ್ನೋ ಥರದ ಲೇಖನಗಳನ್ನ ಓದಿದೆ. ಟೆಂಪ್ಲೇಟ್, ಟೂಲ್, ಚೆಕ್‌ಲಿಸ್ಟ್. ಯಾವುದೂ ಅಷ್ಟು ನಾಟಲಿಲ್ಲ. ಕೊನೆಗೆ ನಾಟಿದ್ದು 1971ರ ಒಂದು ಹಳೇ ಕೈಪಿಡಿಯ ಪೀಠಿಕೆ. ನಾವು ದಿನಾ ‘ಮ್ಯಾನ್’ ಅಂತ ಟೈಪ್ ಮಾಡಿ ತೆಗೆಯೋ ಪುಟಗಳ ಮುತ್ತಜ್ಜ. ಅದರ ಕತೆಯೇ ಇವತ್ತಿನದು. ಆದರೆ ಅದಕ್ಕಿಂತ ಸ್ವಲ್ಪ ಹಿಂದೆ, ಐಬಿಎಂಗೆ ಹೋಗಬೇಕು. ಅಲ್ಲಿನ ಅನುಭವ ಗೊತ್ತಿದ್ದರೆ ಮಾತ್ರ ಇದು ಎಷ್ಟು ಬೇರೆ ಥರದ್ದು ಅನ್ನೋದು ಕಾಣುತ್ತೆ.

1960ರ ದಶಕದ ಮಧ್ಯದಲ್ಲಿ ಐಬಿಎಂ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಾ ಇತ್ತು. ಅದನ್ನ ನಡೆಸಿದ ಫ್ರೆಡ್ ಬ್ರೂಕ್ಸ್ ಮುಂದೆ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಬರೆದರು. ನಮ್ಮಲ್ಲಿ ಅದನ್ನ ಹೆಸರಿಗೆ ಓದಿದವರು ಜಾಸ್ತಿ, ನಿಜಕ್ಕೂ ಓದಿದವರು ಕಮ್ಮಿ. ಅದರಲ್ಲಿ ‘ವರ್ಕ್‌ಬುಕ್’ ಬಗ್ಗೆ ಒಂದು ಪ್ರಸಂಗ ಇದೆ. ಪ್ರಾಜೆಕ್ಟಿನ ಎಲ್ಲ ದಾಖಲೆಗಳೂ ಪ್ರತಿಯೊಬ್ಬ ಪ್ರೋಗ್ರಾಮರಿಗೂ ಸಿಗಬೇಕು, ಅವನ ಆಫೀಸಿನಲ್ಲೇ ಒಂದು ಪ್ರತಿ ಇರಬೇಕು ಅಂತ ಬ್ರೂಕ್ಸ್ ತೀರ್ಮಾನ ಮಾಡಿದರು. ಉದ್ದೇಶ ಒಳ್ಳೇದೇ. ಆರು ತಿಂಗಳಲ್ಲಿ ಆ ವರ್ಕ್‌ಬುಕ್ ಐದು ಅಡಿ ದಪ್ಪ ಆಯಿತು. ದಿನಾ ಬರುತ್ತಿದ್ದ ತಿದ್ದುಪಡಿ ಹಾಳೆಗಳೇ ಸುಮಾರು 150, ಅಂದರೆ ಎರಡು ಇಂಚು. ಹಳೇ ಹಾಳೆ ಕಿತ್ತು ಹೊಸದನ್ನ ಸರಿಯಾದ ಜಾಗಕ್ಕೆ ತುರುಕೋದರಲ್ಲೇ ಬೆಳಗಿನ ಹೊತ್ತು ಕಳೆದುಹೋಗೋದು. ಕೊನೆಗೆ ಮೈಕ್ರೋಫಿಶ್‌ಗೆ, ಅಂದರೆ ಚಿಕ್ಕ ಫಿಲ್ಮ್ ಹಾಳೆಗಳಿಗೆ ಬದಲಾದರು. ಜಾಗ ಉಳಿಯಿತು, ದುಡ್ಡು ಉಳಿಯಿತು. ಆದರೆ ಬ್ರೂಕ್ಸ್ ಅಲ್ಲೇ ಇನ್ನೊಂದು ಮಾತು ಸೇರಿಸ್ತಾರೆ: ಕೈಯಲ್ಲಿ ಹಾಳೆ ಹಾಕುವಾಗ ಜನ ಏನು ಬದಲಾಗಿದೆ ಅಂತ ಕಣ್ಣು ಹಾಯಿಸ್ತಿದ್ದರು, ಫಿಶ್ ಬಂದ ಮೇಲೆ ಆ ಗ್ಯಾರಂಟಿ ಹೋಯ್ತು. ನಮ್ಮ ವಿಕಿಗಳ ಪಾಡು ಅದೇ. ಎಲ್ಲವೂ ಅಪ್‌ಡೇಟ್ ಆಗ್ತಾ ಇರುತ್ತೆ, ಯಾರೂ ಓದಿರಲ್ಲ.

ಬ್ರೂಕ್ಸ್‌ರ ಇನ್ನೊಂದು ನಂಬಿಕೆ ಅಂದರೆ, ಬಳಸುವವನಿಗೆ ಕಾಣೋ ಎಲ್ಲವನ್ನೂ ವಿವರಿಸೋ ಕೈಪಿಡಿಯೇ ಆರ್ಕಿಟೆಕ್ಟ್‌ನ ಮುಖ್ಯ ಉತ್ಪನ್ನ. ಕೋಡಿಗಿಂತ ಮೊದಲು ಅದು. ದೊಡ್ಡ ಸೈನ್ಯದಂಥ ಪ್ರಾಜೆಕ್ಟಿಗೆ ಅದು ಸರಿಯೇ ಇರಬಹುದು. ಯುನಿಕ್ಸ್‌ನವರು ಹಿಡಿದ ದಾರಿ ಬೇರೆ.

ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್. 1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್ ಅನ್ನೋ ಮಹಾ ಪ್ರಾಜೆಕ್ಟಿನಿಂದ ಹೊರಗೆ ಬಂತು. ಅದರಲ್ಲಿ ಕೆಲಸ ಮಾಡಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಗೆಳೆಯರಿಗೆ ಕೈಯಲ್ಲಿ ಒಂದು ಒಳ್ಳೆ ಮೆಷಿನ್ ಇಲ್ಲ. ಹಳೇ ಪಿಡಿಪಿ-7 ಮೇಲೆ ಥಾಂಪ್ಸನ್ ಒಂದು ಪುಟ್ಟ ಸಿಸ್ಟಮ್ ಕಟ್ಟಿದರು. ಹೊಸ ಮೆಷಿನ್ ಕೊಡಿಸಿ ಅಂತ ಕೇಳಿದರೆ ಮೇಲಿನವರು ಒಪ್ಪಲ್ಲ, ಯಾಕಂದರೆ ‘ಆಪರೇಟಿಂಗ್ ಸಿಸ್ಟಮ್’ ಅನ್ನೋ ಪದ ಕೇಳಿದರೇ ಅವರಿಗೆ ಮಲ್ಟಿಕ್ಸ್ ನೆನಪಾಗ್ತಿತ್ತು.

ಅವರು ಹೂಡಿದ ಉಪಾಯ ನನಗೆ ತುಂಬಾ ಇಷ್ಟ. 1970ರಲ್ಲಿ ಅವರು ಕೇಳಿದ್ದು ಬರಹವನ್ನು ಎಡಿಟ್ ಮಾಡಿ, ಫಾರ್ಮ್ಯಾಟ್ ಮಾಡಿ ಪ್ರಿಂಟ್ ಮಾಡೋ ಒಂದು ಸಿಸ್ಟಮ್. ಇದಕ್ಕೆ ಬೇಕಾದ ಪಿಡಿಪಿ-11 ಮೆಷಿನ್ನಿನ ಬೆಲೆ ಸುಮಾರು 65,000 ಡಾಲರ್. ಜೋ ಒಸ್ಸಾನಾ ಮತ್ತು ಲೀ ಮೆಕ್‌ಮಹೊನ್ ಪಟ್ಟು ಬಿಡದೆ ಹಿಡಿದಿದ್ದರಿಂದ ಮೇ ತಿಂಗಳಲ್ಲಿ ಆರ್ಡರ್ ಹೋಯಿತು. ಬೇಸಿಗೆಯ ಕೊನೆಗೆ ಮೆಷಿನ್ ಬಂತು, ಡಿಸ್ಕ್ ಬರಲಿಲ್ಲ. ಡಿಸೆಂಬರ್ ತನಕ ಆ ಮೆಷಿನ್ ಮೂಲೆಯಲ್ಲಿ ಕೂತು ಚದುರಂಗದ ಕುದುರೆ 6×8 ಮನೆಯ ಹಲಗೆಯಲ್ಲಿ ಎಲ್ಲ ಮನೆಗೂ ಹೋಗಿ ಮೊದಲಿನ ಜಾಗಕ್ಕೆ ಬರೋ ದಾರಿಗಳನ್ನೆಲ್ಲ ಎಣಿಸ್ತಾ ಇತ್ತಂತೆ. ನಮ್ಮಲ್ಲಿ ಬೆಂಚ್ ಮೇಲೆ ಕೂತವರು ಮಾಡೋದಕ್ಕಿಂತ ಉಪಯುಕ್ತ ಕೆಲಸ ಅನ್ನಬಹುದು.

ಮೊದಲ ನಿಜವಾದ ಗಿರಾಕಿ ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗ. ಅವರು ಮಾರುಕಟ್ಟೆಯ ಬೇರೊಂದು ಸಿಸ್ಟಮ್ ಕೊಳ್ಳೋ ಯೋಚನೆಯಲ್ಲಿದ್ದರು. ಪೇಟೆಂಟ್ ಅರ್ಜಿಗೆ ಸಾಲುಸಾಲಿಗೂ ನಂಬರ್ ಬೇಕು. ಯುನಿಕ್ಸ್‌ನವರು ಕೂಡಲೇ ತಮ್ಮ ‘ರಾಫ್’ ಅನ್ನೋ ಫಾರ್ಮ್ಯಾಟಿಂಗ್ ಪ್ರೋಗ್ರಾಮಿಗೆ ಅದನ್ನ ಸೇರಿಸಿದರು. 1971ರ ಉತ್ತರಾರ್ಧದಲ್ಲಿ ಮೂವರು ಟೈಪಿಸ್ಟ್‌ಗಳು ದಿನವಿಡೀ ಆ ಮೆಷಿನ್‌ನಲ್ಲಿ ಪೇಟೆಂಟ್ ಅರ್ಜಿ ಹೊಡೀತಾ ಇದ್ದರು. ಅದೇ ಮೆಷಿನ್‌ನಲ್ಲಿ ಪಕ್ಕದಲ್ಲಿ ಥಾಂಪ್ಸನ್, ರಿಚಿ ಸಿಸ್ಟಮ್ ಅಭಿವೃದ್ಧಿಯನ್ನೂ ಮಾಡ್ತಿದ್ದರು. ಒಟ್ಟು ಮೆಮೊರಿ 24 ಕಿಲೋಬೈಟ್. ಡಿಸ್ಕ್ ಅರ್ಧ ಮೆಗಾಬೈಟ್. ಮೆಮೊರಿ ಪ್ರೊಟೆಕ್ಷನ್ ಅನ್ನೋದೇ ಇಲ್ಲ, ಹೊಸ ಪ್ರೋಗ್ರಾಮಲ್ಲಿ ಒಂದು ತಪ್ಪಾದರೆ ಟೈಪಿಸ್ಟ್‌ಗಳ ಕೆಲಸವೂ ಸೇರಿ ಎಲ್ಲ ಮಲಗುತ್ತೆ. ಪ್ರೊಡಕ್ಷನ್‌ನಲ್ಲೇ ಟೆಸ್ಟ್ ಮಾಡೋ ಪರಂಪರೆ ಎಷ್ಟು ಹಳೇದು ನೋಡಿ.

ಅಂದರೆ ಬರಹದ ಕೆಲಸ ಯುನಿಕ್ಸಿಗೆ ಆಮೇಲೆ ಅಂಟಿಸಿದ್ದಲ್ಲ. ಮೆಷಿನ್ ಸಿಕ್ಕಿದ್ದೇ ಅದರ ಹೆಸರಲ್ಲಿ. ಬರೆಯೋಕೆ ಎಡಿಟರ್, ಅಚ್ಚು ಹಾಕೋಕೆ ರಾಫ್ ಕೈಯಲ್ಲೇ ಇದ್ದವು. ಇನ್ನು ಬೇಕಿದ್ದದ್ದು ‘ಬರೀರಿ’ ಅಂತ ಬೆನ್ನು ಹತ್ತೋ ಒಬ್ಬ ಮ್ಯಾನೇಜರ್. ಆ ಕೆಲಸ ಮಾಡಿದ್ದು ಅವರ ವಿಭಾಗದ ಮುಖ್ಯಸ್ಥ ಡಗ್ ಮೆಕಿಲ್‌ರಾಯ್. ಯುನಿಕ್ಸಿನ ಪೈಪ್ ಕಲ್ಪನೆ ಕೊಟ್ಟವರು ಅಂತ ನಮಗೆ ಗೊತ್ತಿರೋ ಅದೇ ಮೆಕಿಲ್‌ರಾಯ್. ಅವರ ಒತ್ತಾಯಕ್ಕೆ ಥಾಂಪ್ಸನ್ ಮತ್ತು ರಿಚಿ ಕೂತು ಬರೆದ ‘ಯುನಿಕ್ಸ್ ಪ್ರೋಗ್ರಾಮರ್ಸ್ ಮ್ಯಾನ್ಯುಯಲ್’ನ ಮೊದಲ ಎಡಿಷನ್ ಮೇಲೆ ಇರೋ ದಿನಾಂಕ 1971ರ ನವೆಂಬರ್ 3.

ಈಗ ಆ ಪೀಠಿಕೆಗೆ ಬರೋಣ. ಚಿಕ್ಕದು. ಮಾರ್ಕೆಟಿಂಗ್ ಇಲ್ಲ, ‘ಈ ಕ್ರಾಂತಿಕಾರಿ ಸಿಸ್ಟಮ್’ ಅನ್ನೋ ಮಾತಿಲ್ಲ. ಮೊದಲೇ ಈ ಪುಸ್ತಕ ಏನು ಕೊಡಲ್ಲ ಅಂತ ಹೇಳಿಬಿಡುತ್ತೆ: ಒಟ್ಟಾರೆ ಪರಿಚಯ ಇಲ್ಲಿಲ್ಲ, ಒಳಗಿನ ರಚನೆಯ ವಿವರವೂ ಇಲ್ಲ. ಆಮೇಲೆ ನನ್ನನ್ನ ಕೂರಿಸಿದ ಜಾಗ ಬರುತ್ತೆ. ಬರೆಯುವ ಹೊತ್ತಿಗೆ ಪ್ರತಿ ಪ್ರೋಗ್ರಾಮ್ ಯಾವ ಸ್ಥಿತಿಯಲ್ಲಿತ್ತೋ ಅದನ್ನೇ ವಿವರಿಸಬೇಕು ಅಂತ ತಾವು ಬೇಕೆಂದೇ ತೀರ್ಮಾನಿಸಿದ್ದಾಗಿ ಅವರು ಹೇಳ್ತಾರೆ. ಹೇಗಿರಬೇಕೋ ಹಾಗೆ ಬರೆಯೋ ಆಸೆಯನ್ನ ತಡೆದುಕೊಂಡೆವು ಅಂತಲೂ ಹೇಳ್ತಾರೆ. ಇದರಿಂದ ಪುಟಗಳು ಬೇಗ ಹಳೇದಾಗ್ತವೆ ಅನ್ನೋದು ಅವರಿಗೆ ಗೊತ್ತು. ಕೊನೆಯ ಪುಟಗಳನ್ನ ಬರೆಯೋ ಹೊತ್ತಿಗೆ ಮೊದಲಿನ ಪುಟಗಳನ್ನ ತಿದ್ದಬೇಕಾಗಿ ಬಂತು ಅಂತ ಒಪ್ಪಿಕೊಳ್ತಾರೆ. ಅಷ್ಟೇ ಅಲ್ಲ, ಕೈಪಿಡಿಯಲ್ಲಿ ವಿವರಿಸಿರೋ ಕೆಲವು ಪ್ರೋಗ್ರಾಮುಗಳನ್ನ ಬರೆದದ್ದೇ ಆ ಕೈಪಿಡಿ ತಯಾರಿಸೋಕೆ.

ಐವತ್ತು ವರ್ಷದ ಹಿಂದಿನ ಒಂದು ವಾಕ್ಯ ನನ್ನ ರಿಫಂಡ್ ಸ್ಕ್ರಿಪ್ಟಿಗೆ ನೇರವಾಗಿ ಬಂದು ಬಡಿಯಿತು. ಡಿಸೈನ್ ಡಾಕ್ಯುಮೆಂಟ್ ‘ಹೇಗಿರಬೇಕು’ ಅಂತ ಹೇಳಬಹುದು, ಹೇಳಬೇಕು ಕೂಡ. ರನ್‌ಬುಕ್ ಹಾಗೆ ಹೇಳಿದರೆ ಅದು ಸುಳ್ಳು. ಆ ಎರಡು ಒಂದೇ ವಿಕಿಯಲ್ಲಿ, ಒಂದೇ ಥರದ ಫಾಂಟಲ್ಲಿ, ಅಕ್ಕಪಕ್ಕ ಕೂತಿರುತ್ತವೆ. ರಾತ್ರಿ ಎರಡು ಗಂಟೆಗೆ ಓದೋನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಪುಟಗಳ ಪ್ಲಾನ್ ನೋಡಿದರೆ ಇನ್ನೂ ಮಜಾ ಇದೆ. ಕೈಪಿಡಿ ಏಳು ಭಾಗ: ಕಮಾಂಡುಗಳು, ಸಿಸ್ಟಮ್ ಕಾಲ್‌ಗಳು, ಸಬ್‌ರೂಟೀನುಗಳು, ಸ್ಪೆಷಲ್ ಫೈಲುಗಳು, ಫೈಲ್ ಫಾರ್ಮ್ಯಾಟುಗಳು, ಬಳಕೆದಾರರು ನೋಡಿಕೊಳ್ಳೋ ಪ್ರೋಗ್ರಾಮುಗಳು, ಇತರೆ. ಇವತ್ತೂ ಮ್ಯಾನ್ ಪುಟದ ಪಕ್ಕ ಬ್ರಾಕೆಟಲ್ಲಿ 1, 2, 3 ಅಂತ ಬರುತ್ತಲ್ಲ, ಆ ನಂಬರು ಅಲ್ಲಿಂದ ಬಂದದ್ದು. ಒಂದೊಂದು ವಿಷಯಕ್ಕೂ ಹೆಚ್ಚುಕಡಿಮೆ ಒಂದು ಪುಟ, ಎಲ್ಲಕ್ಕೂ ಅದೇ ಚೌಕಟ್ಟು: ಹೆಸರು ಮತ್ತು ಒಂದು ಸಾಲಿನ ಪರಿಚಯ, ಬಳಸೋ ರೀತಿ, ವಿವರಣೆ, ಮುಟ್ಟೋ ಫೈಲುಗಳು, ಇನ್ನೆಲ್ಲಿ ನೋಡಬೇಕು, ಎರರ್ ಸಂದೇಶಗಳು. ಪುಟದ ಮೇಲೆ ಎಡಗಡೆ ಆ ಪುಟ ತಯಾರಾದ ದಿನಾಂಕ. ಇಡೀ ಪುಸ್ತಕದ್ದಲ್ಲ, ಆ ಪುಟದ್ದು. ಪುಟಸಂಖ್ಯೆಯನ್ನ ಬೇಕೆಂದೇ ಹಾಕಲಿಲ್ಲ, ಯಾಕಂದರೆ ಕೈಪಿಡಿ ಪದೇ ಪದೇ ಬದಲಾಗುತ್ತೆ ಅನ್ನೋ ನಿರೀಕ್ಷೆ. ಬ್ರೂಕ್ಸ್‌ರ ಐದು ಅಡಿ ದಪ್ಪದ ವರ್ಕ್‌ಬುಕ್ ನೆನಪಿಸಿಕೊಳ್ಳಿ. ಇಲ್ಲಿ ಒಂದು ಹಾಳೆ ಹಳೇದಾದರೆ ಆ ಹಾಳೆ ಮಾತ್ರ ಬದಲಾಯಿಸಿ, ಮುಗೀತು.

ಮೊದಲ ಎಡಿಷನ್ನಿನಲ್ಲಿ ‘ಓನರ್’ ಅನ್ನೋ ವಿಭಾಗವೂ ಇತ್ತು. ತೊಂದರೆಯಾದರೆ ಯಾರನ್ನ ಕೇಳಬೇಕು ಅನ್ನೋದಕ್ಕೆ ಮೂರಕ್ಷರದ ಗುರುತು: ಥಾಂಪ್ಸನ್‌ಗೆ ‘ಕೆನ್’, ರಿಚಿಗೆ ‘ಡಿಎಂಆರ್’, ಒಸ್ಸಾನಾಗೆ ‘ಜೆಎಫ್ಓ’. ಅವೇ ಅವರ ಯೂಸರ್ ಐಡಿಗಳೂ ಆಗಿದ್ದರಿಂದ ನೇರವಾಗಿ ಮೇಲ್ ಕಳಿಸಬಹುದಿತ್ತು. ನಿಯಮ ಏನಪ್ಪಾ ಅಂದರೆ, ಕೊನೆಗೆ ಯಾರು ಕೈ ಹಾಕಿದರೋ ಅವರೇ ಓನರ್, ಮೂಲ ಬರೆದವರೇ ಆಗಬೇಕಿಲ್ಲ. ಗಿಟ್ ಬ್ಲೇಮ್ ಹುಟ್ಟೋಕೆ ದಶಕಗಳ ಮೊದಲು ಈ ನಿಯಮ. ಮುಂದಿನ ಎಡಿಷನ್‌ಗಳಲ್ಲಿ ಇದು ಬಿಟ್ಟುಹೋಯಿತು. ನನಗೆ ಕೇಳಿದರೆ ಅದೊಂದು ನಷ್ಟ.

ಉಳಿದುಕೊಂಡಿದ್ದು ಪುಟದ ಕೊನೆಯ ವಿಭಾಗ, ‘ಬಗ್ಸ್’. ತಾವು ಮಾಡಿದ ಪ್ರೋಗ್ರಾಮಿನ ಗೊತ್ತಿರೋ ತಪ್ಪುಗಳು, ಕೊರತೆಗಳು, ಕೆಲವೊಮ್ಮೆ ಸರಿ ಮಾಡೋ ದಾರಿ ಕೂಡ, ಅಚ್ಚಾದ ಕೈಪಿಡಿಯಲ್ಲೇ. ಇದರಲ್ಲಿ ನನಗೆ ಅತಿ ಪ್ರಿಯವಾದದ್ದು ‘ಟೈಮ್’ ಅನ್ನೋ ಸಿಸ್ಟಮ್ ಕಾಲ್‌ನ ಪುಟ. ಆಗ ಯುನಿಕ್ಸ್ ಕಾಲವನ್ನ 1971ರ ಜನವರಿ 1ರಿಂದ ಎಣಿಸ್ತಾ ಇತ್ತು, ಅದೂ ಸೆಕೆಂಡಿನ 60ನೇ ಒಂದು ಭಾಗದಲ್ಲಿ. ಅಮೆರಿಕದ ಕರೆಂಟ್ 60 ಹರ್ಟ್ಜ್, ಗಡಿಯಾರ ಅದನ್ನೇ ಹಿಡಿದು ಓಡ್ತಿತ್ತು. ನಮ್ಮೂರಲ್ಲಾಗಿದ್ದರೆ 50 ಆಗಿರೋದು. ಈ ಎಣಿಕೆಯನ್ನ 32 ಬಿಟ್‌ನಲ್ಲಿ ಇಟ್ಟರೆ ಎಷ್ಟು ದಿನ ಬರುತ್ತೆ? ಲೆಕ್ಕ ಹಾಕಿ: ಸುಮಾರು 828 ದಿನ. ಅಂದರೆ 1973ರ ಏಪ್ರಿಲ್ಲಿಗೆ ತುಂಬಿ ಸೊನ್ನೆಗೆ ಬರುತ್ತೆ. ಆ ಪುಟದ ‘ಬಗ್ಸ್’ ಅದನ್ನ ಮುಚ್ಚಿಡಲ್ಲ. ಪ್ರತಿ ಎರಡೂ ಕಾಲು ವರ್ಷಕ್ಕೊಮ್ಮೆ ಬಿಕ್ಕಟ್ಟು ಗ್ಯಾರಂಟಿ ಅನ್ನೋ ಅರ್ಥದಲ್ಲಿ, ಒಣ ನಗೆಯಲ್ಲಿ, ಒಂದೇ ಸಾಲಲ್ಲಿ ಹೇಳಿಬಿಡುತ್ತೆ.

ಹಾಗೆ ಬರೆದಿಟ್ಟಿದ್ದು ಸುಮ್ಮನೆ ಹೋಗಲಿಲ್ಲ. ಎಣಿಕೆ ಶುರುವಾಗೋ ದಿನವನ್ನ ಮುಂದೆ ತಳ್ಳಿ ನೋಡಿದರು. ಆಮೇಲೆ ಪೂರ್ತಿ ಸೆಕೆಂಡುಗಳಿಗೆ ಬದಲಾಗಿ 1970ರ ಜನವರಿ 1ಕ್ಕೆ ನಿಂತರು. ಇವತ್ತು ನಮ್ಮ ಪ್ರತಿ ಟೈಮ್‌ಸ್ಟ್ಯಾಂಪ್ ಅಲ್ಲಿಂದಲೇ ಶುರು. ಚಿಹ್ನೆ ಸಹಿತ 32 ಬಿಟ್‌ನಲ್ಲಿ ಉಳಿದುಕೊಂಡ ಹಳೇ ಸಿಸ್ಟಮ್‌ಗಳಿಗೆ ಅದೇ ಬಿಕ್ಕಟ್ಟು 2038ರ ಜನವರಿ 19ಕ್ಕೆ ಮತ್ತೆ ಬರಲಿದೆ. ನಮ್ಮಲ್ಲಿ ಹಲವರು ಆಗಲೂ ಕೆಲಸದಲ್ಲಿರ್ತೀವಿ, ನೆನಪಿಡಿ.

‘ಬಗ್ಸ್’ ವಿಭಾಗಕ್ಕೆ ಇನ್ನೊಂದು ಪರಿಣಾಮ ಇತ್ತು, ಬೆಲ್ ಲ್ಯಾಬ್ಸ್‌ನ ಹಳಬರ ನೆನಪುಗಳಲ್ಲಿ ಇದು ಮತ್ತೆ ಮತ್ತೆ ಬರುತ್ತೆ. ಪ್ರೋಗ್ರಾಮ್ ಬರೆದವನೇ ಪುಟವನ್ನೂ ಬರೀಬೇಕು. ಬರೆಯೋಕೆ ಕೂತಾಗ, ‘ಈ ಆಯ್ಕೆ ಕೊಟ್ಟರೆ ಹೀಗೆ, ಆದರೆ ಆ ಆಯ್ಕೆಯೂ ಜೊತೆಗಿದ್ದರೆ ಹಾಗೆ, ಆದರೆ ಮೊದಲ ಫೈಲ್ ಖಾಲಿ ಇದ್ದರೆ’ ಅಂತ ವಾಕ್ಯ ಬೆಳೀತಾ ಹೋಗುತ್ತೆ. ಓದೋರ ಮುಂದೆ ಇಡೋಕೆ ಮುಜುಗರ. ಆಗ ವಾಕ್ಯ ತಿದ್ದೋ ಬದಲು ಎದ್ದುಹೋಗಿ ಪ್ರೋಗ್ರಾಮನ್ನೇ ಸರಳ ಮಾಡಿ ಬರ್ತಿದ್ದರು. ಮೆಕಿಲ್‌ರಾಯ್ ಕೈಪಿಡಿಗೆ ಹಿಡಿದ ಮಟ್ಟ ಹೀಗೆ ಪ್ರೋಗ್ರಾಮುಗಳಿಗೂ ಬಂತು. ನಾವು ಬೇರೆ ತಂಡಕ್ಕೆ, ಟೆಕ್ನಿಕಲ್ ರೈಟರ್‌ಗೆ, ಈಗಂತೂ ಒಂದು ಎಐ ಟೂಲಿಗೆ ಡಾಕ್ಯುಮೆಂಟೇಶನ್ ಒಪ್ಪಿಸಿ ಕೈ ತೊಳ್ಕೊಂಡಾಗ ಕಳಕೊಳ್ಳೋದು ಈ ಮುಜುಗರವನ್ನ. ಟೆಕ್ನಿಕಲ್ ರೈಟರುಗಳ ಮೇಲೆ ನನಗೆ ಗೌರವ ಇದೆ, ಅವರು ನನಗಿಂತ ಚೆನ್ನಾಗಿ ಬರೀತಾರೆ. ಆದರೆ ಅವರು ಎದ್ದುಹೋಗಿ ನನ್ನ ಕೋಡ್ ತಿದ್ದೋಕಾಗಲ್ಲ.

ಕೈಪಿಡಿಗೆ ಆ ಮನೆಯಲ್ಲಿ ಎಷ್ಟು ಸ್ಥಾನ ಇತ್ತು ಅನ್ನೋದಕ್ಕೆ ಒಂದೇ ಸಾಕ್ಷಿ ಸಾಕು. ಸಿಕ್ಸ್ತ್ ಎಡಿಷನ್, ಸೆವೆಂತ್ ಎಡಿಷನ್ ಅಂತ ನಾವು ಕರೆಯೋ ಯುನಿಕ್ಸ್ ಆವೃತ್ತಿಗಳ ಹೆಸರು ಬಂದಿದ್ದು ಕೈಪಿಡಿಯ ಎಡಿಷನ್‌ನಿಂದ. ಸಾಫ್ಟ್‌ವೇರ್ ದಿನಾ ಬದಲಾಗ್ತಾ ಇತ್ತು, ‘ರಿಲೀಸ್’ ಅನ್ನೋದು ಇರಲಿಲ್ಲ. ಪುಸ್ತಕ ಅಚ್ಚಾದಾಗ ಅದಕ್ಕೊಂದು ಸಂಖ್ಯೆ ಸಿಗ್ತಿತ್ತು, ಅದನ್ನೇ ಸಿಸ್ಟಮಿಗೂ ಅಂಟಿಸಿದರು.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಈ ಪುಟಗಳು ಹೊಸಬರಿಗೆ ಕಷ್ಟ. ಬಹಳ ಕಷ್ಟ. ಹೆಸರು ಗೊತ್ತಿದ್ದರೆ ತಾನೇ ಪುಟ ತೆಗೆಯೋದು? 1981ರಲ್ಲಿ ಡೊನಾಲ್ಡ್ ನಾರ್ಮನ್ ‘ಡೇಟಾಮೇಷನ್’ ಪತ್ರಿಕೆಯಲ್ಲಿ ಯುನಿಕ್ಸ್ ಮೇಲೆ ಸಿಟ್ಟಿನಿಂದ ಒಂದು ಲೇಖನ ಬರೆದರು. ಕಮಾಂಡುಗಳ ಹೆಸರಿಗೂ ಅವು ಮಾಡೋ ಕೆಲಸಕ್ಕೂ ಸಂಬಂಧವೇ ಇಲ್ಲ ಅನ್ನೋದು ಅವರ ಮುಖ್ಯ ತಕರಾರು. ಫೈಲ್ ತೋರಿಸೋ ಕಮಾಂಡಿಗೆ ‘ಕ್ಯಾಟ್’ ಅಂತ ಹೆಸರಿಟ್ಟರೆ ಯಾರಿಗೆ ಹೊಳೆಯಬೇಕು? ನನಗೂ ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬಿನಲ್ಲಿ ಮ್ಯಾನ್ ಪುಟ ನೋಡಿ ತಲೆ ತಿರುಗಿತ್ತು. ಪಿಯುಸಿ ತನಕ ಕನ್ನಡದಲ್ಲೇ ಯೋಚಿಸಿದವನಿಗೆ ಆ ಇಂಗ್ಲಿಷು ಟೆಲಿಗ್ರಾಂ ಓದಿದ ಹಾಗಿತ್ತು. ಆದರೆ ಒಂದು ಮಾತು: ವರ್ಷ ಕಳೆದ ಮೇಲೆ ಅದೇ ಚುಟುಕು ಇಂಗ್ಲಿಷ್ ನನಗೆ ಸುಲಭ ಆಯಿತು. ಅಲಂಕಾರ ಇಲ್ಲ, ಉಪವಾಕ್ಯ ಕಮ್ಮಿ, ಒಂದು ವಿಷಯಕ್ಕೆ ಪ್ರತಿ ಸಲವೂ ಒಂದೇ ಪದ. ಇಂಗ್ಲಿಷನ್ನ ಎರಡನೇ ಭಾಷೆಯಾಗಿ ಕಲಿತವನಿಗೆ ಅದಕ್ಕಿಂತ ಉಪಕಾರ ಇಲ್ಲ.

ಹೊಸಬರ ಕಷ್ಟಕ್ಕೆ ಬೆಲ್ ಲ್ಯಾಬ್ಸ್‌ನಲ್ಲೇ ಒಬ್ಬರು ಉತ್ತರ ಹುಡುಕಿದ್ದರು, ಬ್ರಯನ್ ಕರ್ನಿಹ್ಯಾನ್. ರೆಫರೆನ್ಸ್ ಪುಟವನ್ನ ಉದ್ದ ಮಾಡಿ ಹೊಸಬರಿಗೂ ಹೊಂದಿಸೋ ಪ್ರಯತ್ನ ಅವರು ಮಾಡಲಿಲ್ಲ, ಬೇರೆಯದೇ ಬರಹ ಬರೆದರು. ‘ಬಿ’ ಭಾಷೆಗೆ ಒಂದು ಟ್ಯುಟೋರಿಯಲ್, ಎಡಿಟರಿಗೊಂದು, ಯುನಿಕ್ಸ್ ಹೊಸಬರಿಗೊಂದು, 1974ರಲ್ಲಿ ‘ಸಿ’ ಭಾಷೆಗೊಂದು. ‘ಹಲೋ ವರ್ಲ್ಡ್’ ಹುಟ್ಟಿದ್ದು ಈ ಟ್ಯುಟೋರಿಯಲ್‌ಗಳ ಸಾಲಿನಲ್ಲೇ. ಆ ಸಿ ಟ್ಯುಟೋರಿಯಲ್ಲಿಗೆ ರಿಚಿಯ ರೆಫರೆನ್ಸ್ ಮ್ಯಾನ್ಯುಯಲ್ ಸೇರಿ 1978ರಲ್ಲಿ ಬಂದ ಪುಸ್ತಕವೇ ನಮ್ಮೆಲ್ಲರ ‘ಕೆ ಅಂಡ್ ಆರ್’. ಪ್ರೆಂಟಿಸ್ ಹಾಲ್ ಆಫ್ ಇಂಡಿಯಾದ ಅಗ್ಗದ ಪ್ರತಿ ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಓಡಾಡಿದ್ದು ನೆನಪಿರಬೇಕು. ನಿಜ ಹೇಳಬೇಕಂದರೆ ನಮ್ಮಲ್ಲಿ ಹೆಚ್ಚಿನವರು ಯಶವಂತ ಕಾನೇಟ್ಕರ್ ಅವರ ‘ಲೆಟ್ ಅಸ್ ಸಿ’ ಓದಿ ಪಾಸಾಗಿ, ಕೆ ಅಂಡ್ ಆರ್ ಅನ್ನ ಶೆಲ್ಫಲ್ಲಿ ಇಟ್ಟವರು. ಇರಲಿ. ಕಲಿಯೋಕೆ ಒಂದು ಭಾಗ, ಹುಡುಕೋಕೆ ಹಿಂದುಗಡೆ ಇನ್ನೊಂದು ಭಾಗ, ಎರಡನ್ನೂ ಕಲಸದೆ ಇಟ್ಟ ಪುಸ್ತಕ ಅದು. 1979ರ ಸೆವೆಂತ್ ಎಡಿಷನ್ ಕೈಪಿಡಿಯೂ ಹೀಗೇ: ಮೊದಲ ಸಂಪುಟ ರೆಫರೆನ್ಸ್, ಎರಡನೇದರಲ್ಲಿ ಟ್ಯುಟೋರಿಯಲ್ ಮತ್ತು ಪ್ರಬಂಧಗಳು. ಈಚೆಗೆ ಡಾನಿಯೆಲೆ ಪ್ರೊಚಿದಾ ಅವರ ‘ಡಯಾಟಾಕ್ಸಿಸ್’ ಅನ್ನೋ ವಿಂಗಡಣೆ ಪ್ರಸಿದ್ಧ ಆಗಿದೆ, ಟ್ಯುಟೋರಿಯಲ್, ಹೌ-ಟು, ರೆಫರೆನ್ಸ್, ವಿವರಣೆ ಅಂತ ನಾಲ್ಕು. ಒಳ್ಳೇದೇ, ಬಳಸಿ.

ಒಳರಚನೆಯ ವಿವರಣೆ ಮಾತ್ರ ಹೊರಗಿನಿಂದ ಬಂತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಸಿಕ್ಸ್ತ್ ಎಡಿಷನ್ ಕರ್ನೆಲ್ಲಿನ ಸುಮಾರು 9,000 ಸಾಲುಗಳನ್ನ ಮುಂದಿಟ್ಟುಕೊಂಡು ವ್ಯಾಖ್ಯಾನ ಬರೆದರು. ಸೆವೆಂತ್ ಎಡಿಷನ್ನಿನ ಲೈಸೆನ್ಸ್ ಸೋರ್ಸ್ ಕೋಡನ್ನ ತರಗತಿಯಲ್ಲಿ ಪಾಠ ಮಾಡೋದನ್ನ ನಿಲ್ಲಿಸಿತು. ಲಯನ್ಸ್‌ರ ವ್ಯಾಖ್ಯಾನ ಜೆರಾಕ್ಸ್ ಆಗಿ, ಜೆರಾಕ್ಸಿನ ಜೆರಾಕ್ಸ್ ಆಗಿ ಜಗತ್ತು ಸುತ್ತಿತು. ಕಾನೂನುಬದ್ಧವಾಗಿ ಅದು ಪುಸ್ತಕ ಆಗಿದ್ದು 1996ರಲ್ಲಿ. ಅಕ್ಷರ ಮಸುಕಾದ ಪ್ರತಿಯನ್ನ ಜನ ಎರಡು ದಶಕ ಕಾಪಾಡಿಕೊಂಡರು. ಡೆವಲಪರ್‌ಗಳು ಡಾಕ್ಯುಮೆಂಟ್ ಓದಲ್ಲ ಅಂತ ಹೇಳೋರಿಗೆ ಈ ಕತೆ ಹೇಳಿ.

ಇನ್ನು ನಮ್ಮ ಬೆಂಗಳೂರು. 1990ರ ದಶಕದಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಗಳು ಐಎಸ್ಓ 9001, ಸಿಎಂಎಂ ಲೆವೆಲ್ 5 ಅಂತ ಸರ್ಟಿಫಿಕೇಟುಗಳ ಬೆನ್ನು ಹತ್ತಿದವು. ವಿದೇಶಿ ಗಿರಾಕಿಗೆ ನಂಬಿಕೆ ಬರಬೇಕಿತ್ತು, ಬಂತು. ಆ ಶಿಸ್ತು ನಮ್ಮ ಉದ್ಯಮವನ್ನ ಕಟ್ಟಿತು, ಅದನ್ನ ಹಗುರ ಮಾಡಲ್ಲ. ಆದರೆ ಅದರ ಜೊತೆ ಇನ್ನೊಂದು ಅಭ್ಯಾಸವೂ ಬಂತು: ಆಡಿಟರ್ ಓದಲಿ ಅಂತ ಬರೆಯೋ ಡಾಕ್ಯುಮೆಂಟ್. ಅದರಲ್ಲಿ ‘ತಿಳಿದಿರುವ ದೋಷಗಳು’ ಅನ್ನೋ ಕಾಲಮ್ಮಿಗೆ ‘ಅನ್ವಯಿಸುವುದಿಲ್ಲ’ ಅಂತ ತುಂಬೋದೇ ಜಾಣತನ. 2001ರಲ್ಲಿ ಅಜೈಲ್ ಮ್ಯಾನಿಫೆಸ್ಟೋ ಬಂದಾಗ ಪೆಂಡ್ಯುಲಮ್ ಇನ್ನೊಂದು ಕಡೆ ಹೋಯಿತು. ಅವರು ಓಡೋ ಸಾಫ್ಟ್‌ವೇರಿಗೆ ಹೆಚ್ಚು ಬೆಲೆ ಅಂದರೇ ಹೊರತು ಡಾಕ್ಯುಮೆಂಟ್ ಬೇಡ ಅನ್ನಲಿಲ್ಲ. ನಾವು ನಮಗೆ ಬೇಕಾದ ಅರ್ಧ ಮಾತ್ರ ಕೇಳಿಸಿಕೊಂಡೆವು. ಅಪ್ರೈಸಲ್‌ನಲ್ಲಿ ಫೀಚರ್ ಲೆಕ್ಕಕ್ಕೆ ಬರುತ್ತೆ, ಒಳ್ಳೆ ಪುಟ ಬರೆದದ್ದು ಬರಲ್ಲ. ಅದು ಬರೋ ತನಕ ಟೂಲ್ ಯಾವುದಾದರೇನು.

ಹಳೇ ಅಭ್ಯಾಸ ಪೂರ್ತಿ ಸತ್ತಿಲ್ಲ. ಲಿನಕ್ಸಿನ ಮ್ಯಾನ್ ಪುಟಗಳ ಪ್ರಾಜೆಕ್ಟನ್ನ ಮೈಕಲ್ ಕೆರಿಸ್ಕ್ 2004ರಿಂದ ಹದಿನೈದು ವರ್ಷಕ್ಕೂ ಹೆಚ್ಚು ನೋಡಿಕೊಂಡರು. ಅವರ ಕ್ರಮ ನೋಡಿ: ಕರ್ನೆಲ್‌ಗೆ ಹೊಸ ಸಿಸ್ಟಮ್ ಕಾಲ್ ಬಂದರೆ ಪುಟ ಬರೆಯೋ ಮೊದಲು ಚಿಕ್ಕ ಟೆಸ್ಟ್ ಪ್ರೋಗ್ರಾಮ್ ಬರೆದು ಅದು ನಿಜಕ್ಕೂ ಏನು ಮಾಡುತ್ತೆ ಅಂತ ನೋಡೋದು. ಹಾಗೆ ನೋಡುವಾಗ ಕರ್ನೆಲ್ಲಿನ ಬಗ್‌ಗಳು, ಡಿಸೈನಿನ ತಪ್ಪುಗಳು ಸಿಕ್ಕಿದವು. ಪುಟಗಳ ಕೊನೆಗೆ ‘ಬಗ್ಸ್’ ಈಗಲೂ ಇದೆ. ಇವತ್ತು ರಾತ್ರಿ ಟರ್ಮಿನಲ್ ತೆಗೆದು ‘ಮ್ಯಾನ್ 2 ಸೆಲೆಕ್ಟ್’ ಅಂತ ಹೊಡೆದು ಕೆಳಗಿನ ತನಕ ಹೋಗಿ ನೋಡಿ.

ನನ್ನ ರನ್‌ಬುಕ್ ಏನಾಯಿತು ಅಂತ ವಿಡಿಯೋ ಆದ ಮೇಲೆ ಕೆಲವರು ಕೇಳಿದಿರಿ. ಹಳೇ ಹನ್ನೊಂದು ಪುಟದ್ದನ್ನ ಅಳಿಸಿದೆವು. ಈಗ ಒಂದು ಸ್ಕ್ರಿಪ್ಟಿಗೆ ಒಂದು ಪುಟ, ಮೇಲೆ ಕೊನೆಯ ಸಲ ನಿಜವಾಗಿ ಓಡಿಸಿ ನೋಡಿದ ದಿನಾಂಕ, ಕೆಳಗೆ ಕೊನೆಗೆ ಕೈ ಹಾಕಿದವರ ಹೆಸರು. ಸ್ಕ್ರಿಪ್ಟ್ ಇರೋ ರೆಪೊಸಿಟರಿಯಲ್ಲೇ ಪುಟವೂ ಇರುತ್ತೆ, ಎರಡೂ ಒಂದೇ ರಿವ್ಯೂನಲ್ಲಿ ಹೋಗಬೇಕು. ಮುಂದೆ ಬರಲಿರೋ ವಿಷಯಗಳು ಟಿಕೆಟ್‌ನಲ್ಲಿ ಮಾತ್ರ. ಆ ನಾಲ್ಕನೇ ಹೆಜ್ಜೆಯ ಸ್ಕ್ರಿಪ್ಟಿನ ಪುಟ ಬರೆಯೋಕೆ ಕೂತಾಗ, ಉಳಿಸಿಡದೆ ಅಳಿಸುತ್ತೆ ಅಂತ ಬರೆದು ಓದಿಕೊಂಡೆ. ನಾಚಿಕೆ ಆಯಿತು. ಉಳಿಸಿಡೋ ಕೋಡ್ ಬರೆಯೋಕೆ ಹಿಡಿದದ್ದು ಒಂದು ಮಧ್ಯಾಹ್ನ.

ಮೊನ್ನೆ ಆ ಪುಟ ತೆಗೆದು ನೋಡಿದೆ. ‘ಬಗ್ಸ್’ ಕೆಳಗೆ ನಾನು ಬರೆದಿದ್ದ ಎರಡು ಸಾಲು ಇದ್ದವು. ಮೂರನೇದು ನನ್ನದಲ್ಲ. ಉಳಿಸಿಟ್ಟ ಫೈಲ್ ಒಂದು ಜಿಬಿ ದಾಟಿದರೆ ವಾಪಸ್ ತುಂಬುವಾಗ ನಡುವೆ ನಿಂತುಬಿಡುತ್ತೆ, ಎರಡು ಭಾಗ ಮಾಡಿ ತುಂಬಿ ಅಂತ ಇತ್ತು. ಓನರ್ ಜಾಗದಲ್ಲಿ ನನ್ನ ಹೆಸರು ತೆಗೆದು ಅವನದು ಹಾಕಿಕೊಂಡಿದ್ದ, ರಾಯಚೂರಿನ ಹುಡುಗ.